ಚಳ್ಳಕೆರೆಯ ಕಂಪ್ಯೂಟರ್ ಅಕ್ಕ

ನಮ್ಮ ಮೊಳಕಾಲ್ಮುರಿನ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಈಚೆಗೆ ಯಾರೋ ಎಣ್ಣೆ ಗಾಣ ಹಾಕಿದ್ದಾರೆ. ತರಕಾರಿ ಚೀಲ ಹಿಡಿದು ಆ ಕಡೆಯಿಂದ ಬರುತ್ತಿದ್ದಾಗ ಬಿಸಿ ಶೇಂಗಾ ಹಿಂಡಿಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಅಲ್ಲೇ ನಿಂತುಬಿಟ್ಟೆ. ಗಾಣದವನು "ಎಣ್ಣೆ ಬೇಕೇನ್ರಿ?" ಎಂದು ಕೇಳಿದ. ಬೇಡವೆಂದು ತಲೆಯಾಡಿಸಿದೆ, ಆದರೆ ಹೊರಡಲು ಮನಸ್ಸಾಗಲಿಲ್ಲ. ಬೇರೆಯವರಿಗೆ ಆ ವಾಸನೆಯಿಂದ ಅಡುಗೆಮನೆ ನೆನಪಾಗುತ್ತದೇನೋ. ನನಗೆ ನೆನಪಾಗುವುದು ಒಂದು ಹಳೆಯ ಕಂಪ್ಯೂಟರು, ಅದರ ಮುಂದೆ ಗೋಣಿಚೀಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ಒಬ್ಬ ಹೆಂಗಸು.

ಅವಳಿಗೊಂದು ಹೆಸರಿತ್ತು, ಅಂಗಡಿಯ ಬೋರ್ಡಿನ ಮೇಲೂ ಇತ್ತು. ನಾವು ಮಾತ್ರ ಕೊನೆಯವರೆಗೂ ಕಂಪ್ಯೂಟರ್ ಅಕ್ಕ ಎಂದೇ ಕರೆದೆವು...

ನಾನು ಸೊಸೆಯಾಗಿ ಬಂದದ್ದು ನೇಕಾರರ ಮನೆಗೆ. ಗಂಡ ಮಗ್ಗದಲ್ಲಿ ಕೂರುತ್ತಿದ್ದರು. ಮಾವ ಮಾತ್ರ ಮಗ್ಗ ಬಿಟ್ಟು ಬಹಳ ಕಾಲವಾಗಿತ್ತು. ಅವರು ಸೀರೆಯ ಡಿಸೈನ್ ಬರೆಯುವವರು. ಅಂಚಿಗೆ ಗೋಪುರ, ಮೈಗೆ ಬುಟ್ಟಾ, ಸೆರಗಿಗೆ ನವಿಲು, ಎಲ್ಲವನ್ನೂ ಗ್ರಾಫ್ ಹಾಳೆಯ ಮೇಲೆ ಮನೆ ಮನೆ ತುಂಬಿ ಬರೆಯುತ್ತಿದ್ದರು. ಆ ಹಾಳೆ ನೋಡಿಕೊಂಡು ರಟ್ಟಿನ ಕಾರ್ಡಿಗೆ ತೂತು ಹೊಡೆದು ಮಗ್ಗದ ಮೇಲಿನ ಜಕಾರ್ಡ್ ಯಂತ್ರಕ್ಕೆ ಕಟ್ಟಿದರೆ ಸೀರೆಯಲ್ಲಿ ನವಿಲು ಏಳುತ್ತಿತ್ತು. ನಮ್ಮ ಬೀದಿಯ ಎಷ್ಟೋ ಮದುವೆ ಸೀರೆಗಳು ಮಾವನ ಕೈಯಿಂದ ಬಂದವು. ತೆಲುಗು ಕನ್ನಡ ಎರಡನ್ನೂ ಒಂದೇ ಮಾತಿನಲ್ಲಿ ಕಲಸಿ ಆಡುತ್ತಿದ್ದರು. ನನ್ನನ್ನು "ಏಮ್ಮಾ" ಎಂದೇ ಕರೆಯುತ್ತಿದ್ದರು.

ಅವರ ಕಣ್ಣು ಹೋಗುತ್ತಾ ಬಂತು. ನರ ಸೋತಿದೆ, ಇದ್ದಷ್ಟನ್ನು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಆಗ ಮಾವನೇ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರು, ಸ್ಕ್ಯಾನರು ತರಿಸಿದರು. ಪಿಯುಸಿ ಮುಗಿಸಿ ಸ್ವಲ್ಪ ದಿನ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಬಂದಿದ್ದ ನಾನು ಆ ಮನೆಗೆ ದೊಡ್ಡ ವಿದ್ವಾಂಸೆ. ಒಲೆಯ ಕೆಲಸ, ಮಗುವಿನ ಕೆಲಸ ಮುಗಿಸಿಕೊಂಡು ಹಾಳೆಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಏರಿಸಿದೆ. ಮಾವ ಪಕ್ಕದಲ್ಲಿ ಕೂತು, ಅಲ್ಲಿ ಗೆರೆ ದಪ್ಪವಾಯಿತು, ಇಲ್ಲಿ ಕೊಕ್ಕು ಮೊಂಡಾಯಿತು ಎಂದು ತಿದ್ದಿಸುತ್ತಿದ್ದರು. ಅದಕ್ಕೆ ವರ್ಷಗಳೇ ಹಿಡಿದವು. ಏರಿಸಿ ಮುಗಿದ ಹಾಳೆಗಳನ್ನು ಟ್ರಂಕಿನಲ್ಲಿ ತುಂಬಿ ಅಟ್ಟದ ಮೇಲಿಟ್ಟೆವು. ಮಳೆಗಾಲ ಕಳೆದು ತೆಗೆದು ನೋಡಿದರೆ ಗೆದ್ದಲು ತಿಂದು ಮಣ್ಣು ಮಾಡಿತ್ತು. "ಹೋಗ್ಲಿ ಬಿಡಮ್ಮಾ, ಕಂಪ್ಯೂಟ್ರಾಗೆ ಐತಲ್ಲ" ಎಂದರು ಮಾವ.

ಕಂಪ್ಯೂಟರಿನಲ್ಲಿ ಇರುವುದೂ ಹೋಗಬಹುದು ಎಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ಒಂದು ಬೆಳಗ್ಗೆ ಆನ್ ಮಾಡಿದಾಗ ಒಳಗಿಂದ ಟಕ್, ಟಕ್ ಎಂದು ಸದ್ದು ಬಂತು. ಯಾರೋ ಉಗುರಿನಿಂದ ತಗಡು ಕುಟ್ಟಿದ ಹಾಗೆ. ಪರದೆ ಕಪ್ಪಾಗಿಯೇ ಉಳಿಯಿತು. ಆರಿಸಿ ಮತ್ತೆ ಹಚ್ಚಿದೆ. ಅದೇ ಸದ್ದು. ಊರಿನಲ್ಲಿ ರಿಪೇರಿ ಮಾಡುವ ಹುಡುಗ ಬಂದು ನೋಡಿ, "ಹಾರ್ಡ್ ಡಿಸ್ಕ್ ಹೋಗೈತ್ರಿ, ಹೊಸಾದು ಹಾಕ್ಸಿ" ಎಂದ. ಒಳಗಿರುವ ಡಿಸೈನುಗಳು ಎಂದು ಕೇಳಿದೆ. "ಅವೂ ಹೋದಂಗೇ" ಎಂದು ಬ್ಯಾಗು ಹೆಗಲಿಗೇರಿಸಿದ.

ಮಾವ ಅಂದು ಊಟಕ್ಕೆ ಏಳಲಿಲ್ಲ. ಸಂಜೆಯ ಹೊತ್ತಿಗೆ ನನ್ನನ್ನು ಕರೆದು, "ನಾನು ಬದುಕಿದೀನಲ್ಲಮ್ಮಾ, ಮತ್ತೆ ಬರೆಯೋಣ" ಎಂದರು. ಹೇಳುವಾಗ ಅವರ ಕಣ್ಣು ನನ್ನನ್ನು ಬಿಟ್ಟು ಬಾಗಿಲ ಬೆಳಕಿನ ಕಡೆ ತಿರುಗಿತ್ತು. ಎದುರಿಗಿದ್ದ ನನ್ನ ಮುಖವೇ ಕಾಣದ ಅವರಿಗೆ ಗ್ರಾಫಿನ ಮನೆ ಎಲ್ಲಿ ಕಾಣಬೇಕು?

ಚಳ್ಳಕೆರೆಯಲ್ಲಿ ಒಬ್ಬ ಹೆಂಗಸು ಇಂಥದನ್ನೆಲ್ಲ ನೋಡುತ್ತಾಳೆ ಎಂದು ಹೇಳಿದ್ದು ನಮ್ಮ ಬೀದಿಯ ಮೇಷ್ಟ್ರು. ಮಾರನೆಯ ದಿನವೇ ನಾನೂ ಮಾವನೂ ಹೊರಟೆವು. ಗಂಡ ತಾವೇ ಹೋಗಿಬರುವುದಾಗಿ ಹೇಳಿದರೂ ಮಾವ ಒಪ್ಪಲಿಲ್ಲ. ರಿಪೇರಿ ಹುಡುಗ ಹೇಳಿದ ಹೊಸ ಡಿಸ್ಕನ್ನು ಕೊಂಡು ಚೀಲಕ್ಕೆ ಹಾಕಿಕೊಂಡು, ಕಂಪ್ಯೂಟರಿನ ಡಬ್ಬವನ್ನು ಹಳೆಯ ಸೀರೆಯಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಪಕ್ಕದಲ್ಲಿ ಮಾವ ಅದರ ಮೇಲೆ ಕೈಯಿಟ್ಟುಕೊಂಡೇ ಬಂದರು.

ಅಕ್ಕನ ಅಂಗಡಿ ಒಬ್ಬ ಟೈಲರ ಅಂಗಡಿಯ ಮೇಲೆ, ಮೆಟ್ಟಿಲು ಹತ್ತಿ ಹೋಗಬೇಕಾದ ಒಂದು ಕೋಣೆ. ಗೋಡೆಗುಂಟ ಕಂಪ್ಯೂಟರುಗಳು, ಅವುಗಳ ಮುಂದೆ ಟೈಪಿಂಗ್ ಕಲಿಯುವ ಹುಡುಗಿಯರು. ಅಕ್ಕ ನನಗಿಂತ ಏಳೆಂಟು ವರ್ಷ ದೊಡ್ಡವಳಿರಬೇಕು. ತೆಳ್ಳಗಿನ ಮೈ, ನೂಲಿನ ಸೀರೆ, ತುರುಬಿಗೆ ಸಿಕ್ಕಿಸಿದ ಒಂದು ಸ್ಕ್ರೂಡ್ರೈವರು. ದೊಡ್ಡಉಳ್ಳಾರ್ತಿಯ ಕುರಿಗಾರರ ಮನೆಯವಳು. ಡಿಪ್ಲೊಮಾ ಓದಿ ಅಂಗಡಿ ಹಾಕಿದವಳು. ಮದುವೆಯ ಮಾತನ್ನು ಅವಳೂ ಎತ್ತುತ್ತಿರಲಿಲ್ಲ, ನಾವೂ ಕೇಳಲಿಲ್ಲ.

ನನ್ನ ಮಾತು ಪೂರ್ತಿ ಕೇಳಿಸಿಕೊಂಡು, "ಸದ್ದು ಬಂದ ಮ್ಯಾಲೆ ಎಷ್ಟು ಸಲ ಆನ್ ಮಾಡಿದ್ರಿ?" ಎಂದಳು.

"ಸರಿಹೋಗ್ತೈತೇನೋ ಅಂತ ಮಾಡ್ತಾನೇ ಇದ್ವಿ ಅಕ್ಕಾ."

"ಇನ್ನು ಮುಟ್ಟಬ್ಯಾಡ್ರಿ. ಇದು ಇನ್ನೊಂದು ಸಲ ಏಳ್ತೈತೋ ಇಲ್ಲೋ ಗೊತ್ತಿಲ್ಲ. ಎದ್ದರೆ ಅದೇ ಏಟಿಗೆ ಒಳಗಿರೋದ್ನೆಲ್ಲಾ ಹೊಸ ಡಿಸ್ಕಿಗೆ ನಕಲು ತಕ್ಕಂಡ್‌ಬಿಡ್ಬೇಕು."

ನಕಲು ಎಂಬ ಮಾತು ಕಿವಿಗೆ ಬಿದ್ದದ್ದೇ ಮಾವ ನೆಟ್ಟಗೆ ಕೂತರು. ನೇಕಾರರ ಬೀದಿಯಲ್ಲಿ ಅದು ಬೈಗುಳದ ಮಾತು. ಮಾವನ ಡಿಸೈನುಗಳನ್ನು ಕದ್ದು ಪವರ್‌ಲೂಮಿನಲ್ಲಿ ಹೊಡೆಸಿ, ಅಗ್ಗದ ಸೀರೆ ಮಾಡಿ ಮಾರಿದವರಿದ್ದರು. ಅದಕ್ಕೇ ಅವರು ಹಾಳೆಗಳನ್ನು ಒಬ್ಬರಿಗೂ ತೋರಿಸುತ್ತಿರಲಿಲ್ಲ.

"ನಕಲು ವದ್ದಮ್ಮಾ, ಬ್ಯಾಡ" ಎಂದರು. "ನಕಲು ಮಾಡಿದ್ಮ್ಯಾಲೆ ನಿನ್ನ ಹತ್ರಾನೂ ಒಂದು ಉಳೀತೈತಲ್ಲ?"

ಅಕ್ಕ ಬೇಜಾರು ಮಾಡಿಕೊಳ್ಳಲಿಲ್ಲ. "ಯಜಮಾನ್ರೆ, ನೀವು ತಂದ ಹೊಸ ಡಿಸ್ಕಿಗೆ ಮಾಡ್ತೀನಿ. ನೀವೇ ಪಕ್ಕದಾಗೆ ಕೂತ್ಕಳ್ರಿ. ಮುಗಿದ್ಮ್ಯಾಲೆ ಎರಡನ್ನೂ ನಿಮ್ಮ ಕೈಗೇ ಕೊಡ್ತೀನಿ" ಎಂದಳು.

ಮಾವ ಡಬ್ಬದ ಮೇಲಿನ ಕೈ ತೆಗೆಯಲಿಲ್ಲ. ಅಕ್ಕ ಒಂದು ಸಿ.ಡಿ. ತೆಗೆದು ತೋರಿಸಿದಳು. ಅದರಲ್ಲಿರುವ ತಂತ್ರಾಂಶ ಡಿಸ್ಕಿನಲ್ಲಿ ಏನಿದೆ ಎಂದು ವಿಚಾರಿಸುವುದೇ ಇಲ್ಲವಂತೆ. ಮೊದಲಿಂದ ಕೊನೆಯವರೆಗೆ ಇದ್ದದ್ದನ್ನು ಇದ್ದ ಹಾಗೇ ಎತ್ತಿ ಇನ್ನೊಂದಕ್ಕೆ ಇಡುತ್ತದಂತೆ. ಓದಲಾಗದ ಜಾಗ ಸಿಕ್ಕರೆ ಹಠ ಮಾಡದೆ ಮುಂದೆ ಹೋಗಿ, ಚೆನ್ನಾಗಿರುವುದನ್ನೆಲ್ಲ ಎತ್ತಿಕೊಂಡ ಮೇಲೆ ಬಿಟ್ಟದ್ದಕ್ಕೆ ತಿರುಗಿ ಬರುತ್ತದಂತೆ.

"ಇದು ಎಲ್ಲಿ ಕೊಂಡ್ಕಂಡಿ?" ಎಂದರು ಮಾವ.

"ಕೊಳ್ಳೋದಲ್ರಿ. ಯಾವ್ದೋ ದೇಶದವ್ರು ಮಾಡಿ ಎಲ್ರಿಗೂ ಅಂತ ಪುಕ್ಕಟೆ ಬಿಟ್ಟಾರೆ. ಇಂಟರ್‌ನೆಟ್ಟಿನಾಗೆ ಇಳಿಸ್ಕಂಡೆ."

"ಪುಕ್ಕಟೆ ಯಾಕೆ ಕೊಡ್ತಾರೆ? ಅವ್ರಿಗೇನು ಬಂತು?"

"ಗೊತ್ತಿಲ್ರಿ. ಅವ್ರ ಡಿಸ್ಕೂ ಯಾವತ್ತೋ ಹಿಂಗೇ ಹೋಗಿರ್ಬೇಕು" ಎಂದಳು ಅಕ್ಕ. ಮಾವ ಅಂದು ಮೊದಲ ಸಲ ಸ್ವಲ್ಪ ನಕ್ಕರು.

ತೊಡಕಾದದ್ದು ಕರೆಂಟಿನಿಂದ. ಆಗ ಹಗಲಲ್ಲಿ ಕರೆಂಟು ಎಷ್ಟು ಹೊತ್ತಿಗೆ ಹೋಗುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ಅಕ್ಕನ ಯುಪಿಎಸ್ ಒಂದು ಪತ್ರ ಟೈಪು ಮಾಡಿ ಮುಗಿಸುವಷ್ಟು ಹೊತ್ತು ಬರುತ್ತಿತ್ತು. ನಕಲಿಗೆ ಇಡೀ ಹಗಲು ಬೇಕು. ನಡುವೆ ನಿಂತರೆ ತಂತ್ರಾಂಶ ನಿಂತಲ್ಲಿಂದ ಮುಂದುವರಿಸುತ್ತದೆ, ಆದರೆ ನಿಂತ ಡಿಸ್ಕು ಮತ್ತೆ ತಿರುಗುವ ಭರವಸೆಯಿಲ್ಲ. ಅಕ್ಕ ಕಿಟಕಿಯಿಂದಾಚೆ ನೋಡಿದಳು. ಆಮೇಲೆ ಹುಡುಗಿಯರಿಗೆ ಮನೆಗೆ ಹೋಗಲು ಹೇಳಿ, ಅಂಗಡಿಯ ಕೀಲಿ ಹಾಕಿ, "ಬರ್ರಿ, ಮಿಲ್ಲಿಗೆ ಹೋಗನ" ಎಂದಳು.

ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲುಗಳಿಗೇನು ಬರವೇ. ಆ ಬೀದಿಯ ಕೊನೆಯಲ್ಲೇ ಒಂದಿತ್ತು. ಶೇಂಗಾ ಸುಗ್ಗಿ, ಕರೆಂಟು ಹೋದರೂ ಜನರೇಟರು ಹಾಕಿ ಸಂಜೆಯವರೆಗೆ ಓಡಿಸುತ್ತಿದ್ದರು. ವಿಭೂತಿ ಹಚ್ಚಿದ ಸಾಹುಕಾರರು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಸೀರೆ ಸುತ್ತಿದ ಡಬ್ಬ ಹೊತ್ತ ನಾನು, ಟೀವಿಯಂಥ ಮಾನಿಟರ್ ಹೊತ್ತ ಅಕ್ಕ, ಗೋಡೆ ಹಿಡಿದು ನಡೆಯುವ ಮುದುಕರು. ನಮ್ಮ ಮೆರವಣಿಗೆ ನೋಡಿ ಅವರು ಎದ್ದು ನಿಂತರು.

"ಏನವ್ವಾ ಇದು, ಶೇಂಗಾ ಬಿಟ್ಟು ಕಂಪ್ಯೂಟ್ರು ತಂದೀಯಲ್ಲ, ಅರೆಯೋದಕ್ಕಾ?"

"ಸಾಹುಕಾರ್ರೆ, ಊರಾಗೆ ಇವತ್ತು ಕರೆಂಟು ಹೋಗದಿರೋ ಜಾಗ ಇದೊಂದೇ. ಒಂದು ಪ್ಲಗ್ಗು ಕೊಡ್ರಿ ಸಾಕು. ಇವ್ರ ಜೀವಮಾನದ ಕೆಲ್ಸ ಇದ್ರಾಗೈತೆ."

ಸಾಹುಕಾರರು ಮಾವನನ್ನು ನೋಡಿದರು. ಯಾವ ಊರು, ಏನು ಕೆಲಸ ಎಂದು ಕೇಳಿದರು. ಮೊಳಕಾಲ್ಮುರು, ಸೀರೆ ಎಂದಾಗ, "ನಮ್ಮನೆಯವ್ರ ಧಾರೆ ಸೀರೆ ನಿಮ್ಮೂರಿಂದೇ ಕಣ್ರಿ" ಎಂದು ಗುಮಾಸ್ತರ ಕೋಣೆ ಬಿಡಿಸಿಕೊಟ್ಟರು. ಹೋಗುವಾಗ ಆಳನ್ನು ಕರೆದು, ಈ ಕೋಣೆಯ ಸ್ವಿಚ್ಚು ಯಾರೂ ಮುಟ್ಟಕೂಡದೆಂದು ಗದರಿದರು.

ಮಿಲ್ಲು ಓಡುವಾಗ ನೆಲವೆಲ್ಲ ಅದುರುತ್ತಿತ್ತು. ಅಕ್ಕ ಶೇಂಗಾ ಸಿಪ್ಪೆ ತುಂಬಿದ ಗೋಣಿಚೀಲ ಎಳೆದು ಹಾಸಿ, ಅದರ ಮೇಲೆ ಡಿಸ್ಕನ್ನು ಮಲಗಿಸಿದಳು. ಧೂಳು ಬಾರದಂತೆ ಮಾವನ ಹೆಗಲ ಮೇಲಿನ ವಲ್ಲಿಯನ್ನು ಕಿಟಕಿಗೆ ಕಟ್ಟಿದಳು. ಫ್ಯಾನು ತಿರುಗಿಸಿ ಡಿಸ್ಕಿನ ಕಡೆ ಹಿಡಿದಳು. ಕೊನೆಗೆ ಇನ್ನೊಂದು ಗೋಣಿಚೀಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳಲ್ಲಿ ಒಂದು ಸಾಲು ಬರೆದು ಕೈ ತೆಗೆದಳು.

"ಹಳೇದು ಯಾವ್ದು, ಹೊಸಾದು ಯಾವ್ದು? ಬಾಯಿ ಬಿಟ್ಟು ಹೇಳು" ಎಂದಳು ನನಗೆ.

ಇದೇನು ಪರೀಕ್ಷೆ ಎನ್ನಿಸಿತು. ಬೆರಳಿಟ್ಟು ತೋರಿಸಿ ಹೇಳಿದೆ. ಮಾವನಿಂದಲೂ ಮುಟ್ಟಿಸಿ ಹೇಳಿಸಿದಳು. ತಾನು ಬರೆದ ಸಾಲನ್ನು ತಾನೇ ಗಟ್ಟಿಯಾಗಿ ಓದಿದಳು. ಆಮೇಲೆ ಕಣ್ಣು ಮುಚ್ಚಿ ಕೀಲಿ ಒತ್ತಿದಳು. ಡಿಸ್ಕು ಟಕ್ ಎಂದಿತು, ಮತ್ತೊಮ್ಮೆ ಎಂದಿತು... ಆಮೇಲೆ ಜುಂಯ್ ಎಂದು ತಿರುಗಿತು. ಪರದೆಯ ಮೇಲೆ ಅಂಕಿಗಳು ಏರತೊಡಗಿದವು.

ಆ ಹಗಲು ಹೇಗೆ ಕಳೆಯಿತೋ. ಮಾವ ಡಿಸ್ಕಿನ ಕಡೆ ಕಿವಿಕೊಟ್ಟು ಕೂತೇ ಇದ್ದರು. ಅಂಕಿ ನಿಂತರೆ ಅಕ್ಕ ಉಸಿರು ಬಿಗಿಹಿಡಿಯುತ್ತಿದ್ದಳು, ಓಡಿದರೆ ಬಿಡುತ್ತಿದ್ದಳು. ಮಧ್ಯಾಹ್ನ ಊರಿನ ಕರೆಂಟು ಹೋಗಿ ಬೀದಿಯೆಲ್ಲ ತಣ್ಣಗಾದಾಗ ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಇಲ್ಲಿ ಬಲ್ಬು ಉರಿಯುತ್ತಲೇ ಇತ್ತು. ಸಾಹುಕಾರರ ಮನೆಯಿಂದ ರೊಟ್ಟಿ, ಶೇಂಗಾ ಚಟ್ನಿ ಬಂತು. ಹಿಂದಿನ ದಿನದಿಂದ ಸರಿಯಾಗಿ ತಿನ್ನದಿದ್ದ ಮಾವ, ಅಕ್ಕ ಮುರಿದು ಕೈಗಿಟ್ಟಾಗ ತಿಂದರು. ಹೊರಗೆ ಮಿಲ್ಲಿನ ಬಾಯಿಂದ ಬಿಸಿ ಹಿಂಡಿ ಬೀಳುತ್ತಿತ್ತು.

ಮಿಲ್ಲು ನಿಲ್ಲಿಸುವ ಹೊತ್ತಿಗೆ ನಕಲು ಮುಗಿಯಿತು. ಹೊಸ ಡಿಸ್ಕು ಹಾಕಿ ಹಚ್ಚಿದರೆ ನಮ್ಮ ಮನೆಯ ಕಂಪ್ಯೂಟರು ಏನೂ ಆಗದ ಹಾಗೆ ಎದ್ದು ಕೂತಿತು. ನಾನು ಒಂದೊಂದೇ ತೆರೆದು ಹೇಳುತ್ತ ಹೋದೆ: ಗೋಪುರ ಐತೆ ಮಾವ, ಮಾವಿನಕಾಯಿ ಐತೆ, ರುದ್ರಾಕ್ಷಿ ಅಂಚು ಐತೆ. ನವಿಲಿನ ಸೆರಗು ತೆರೆದಾಗ ನನ್ನ ಮಾತು ನಿಂತಿತು. ಬಾಲ, ಕಾಲು, ಹೊಟ್ಟೆ ಇತ್ತು. ಎದೆಯಿಂದ ಮೇಲೆ ಬರೀ ಬೂದು ಬಣ್ಣ.

"ಯಾಕಮ್ಮಾ ಸುಮ್ಮನಾದಿ?" ಎಂದರು ಮಾವ.

ಅಕ್ಕನೇ ಹೇಳಿದಳು. "ಯಜಮಾನ್ರೆ, ಆ ಜಾಗ ಓದಕ್ಕಾಗ್ಲಿಲ್ಲ. ಮೂರ್ನಾಕು ಸಲ ತಿರುಗಿ ಬಂದು ನೋಡೈತೆ. ಆಗ್ಲಿಲ್ಲ. ನವಿಲಿನ ಕುತ್ತಿಗೆ, ತಲೆ ಹೋಗೈತೆ."

ಅವಳ ಕಣ್ಣು ಒದ್ದೆಯಾಗಿತ್ತು. ಮಾವ ಪರದೆಯನ್ನು ಕೈಯಿಂದ ಸವರಿ, "ಕಾಲೈತಲ್ಲ. ನಿಂತ್ಕಂತೈತೆ ಬಿಡು" ಎಂದರು.

ಮನೆಗೆ ಬಂದ ಮೇಲೆ ಮಾವ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ನವಿಲಿನ ಎದೆಯ ಕೊನೆಯ ಸಾಲನ್ನು ನಾನು ಓದಬೇಕು, ಅದರ ಮೇಲಿನ ಸಾಲನ್ನು ಅವರು ಹೇಳಬೇಕು. ಎರಡು ತುಂಬು, ಒಂದು ಬಿಡು, ಮೂರು ತುಂಬು... ಕಣ್ಣು ಮುಚ್ಚಿಕೊಂಡು, ತೊಡೆಯ ಮೇಲೆ ಬೆರಳಾಡಿಸುತ್ತ ಹೇಳಿದರು. ಕೆಲವು ದಿನ ಸರಾಗವಾಗಿ ಬರುತ್ತಿತ್ತು. ಕೆಲವು ದಿನ ಒಂದೇ ಸಾಲಿನಲ್ಲಿ ಸಿಕ್ಕಿಕೊಂಡು, ತಲೆ ಹಿಡಿದು ಎದ್ದುಹೋಗುತ್ತಿದ್ದರು. ಕೊನೆಗೂ ನವಿಲಿಗೆ ತಲೆ ಬಂತು. ಮೊದಲಿನ ನವಿಲು ಮುಂದೆ ನೋಡುತ್ತಿತ್ತು; ಇದರ ಕುತ್ತಿಗೆ ಕೊಂಚ ಬಾಗಿ ಹಿಂದಕ್ಕೆ ಹೊರಳಿದಂತಿತ್ತು. ನಾನು ಹೇಳಿದೆ. "ಇರ್ಲಿ" ಎಂದರು.

ಆ ಸೆರಗು ಮಗ್ಗಕ್ಕೆ ಏರಿದ ಸುದ್ದಿ ತಿಳಿಸಿದಾಗ ಅಕ್ಕ ಒಂದು ಭಾನುವಾರ ನೋಡಲು ಬಂದಳು. ಮಗ್ಗದ ಪಕ್ಕ ಕೂತು, ನೇಯ್ದಷ್ಟು ಸೆರಗಿನ ಮೇಲೆ ಬೆರಳಾಡಿಸಿ, ಎಲ್ಲಿಂದ ಮೇಲೆ ಹೊಸದು ಎಂದು ಕೇಳಿದಳು. ತೋರಿಸಿದೆ. ಊಟವಾದ ಮೇಲೆ ನಾನು ಸುಮ್ಮನೆ ಕೇಳಿದೆ, ಮಿಲ್ಲಿನಲ್ಲಿ ಅಂದು ನಮ್ಮ ಬಾಯಲ್ಲಿ ಹಳೆಯದು ಹೊಸದು ಎಂದು ಯಾಕೆ ಹೇಳಿಸಿದಳೆಂದು.

ಅಕ್ಕ ಹೇಳಿದಳು. ಅವಳಪ್ಪ ಕಾವಲಿನ ಹುಲ್ಲುಬಯಲಲ್ಲಿ ಕುರಿ ಕಾಯುತ್ತಿದ್ದವರು. ಹೊತ್ತಿಳಿದಾಗ ಚದುರಿದ ಕುರಿಗಳನ್ನು ಕರೆಯಲು ಅವರದೇ ಒಂದು ಕೂಗಿತ್ತು. ಅವರ ಕುರಿ ಬಿಟ್ಟು ಬೇರೆ ಯಾವ ಕುರಿಯೂ ಅದಕ್ಕೆ ತಲೆಯೆತ್ತುತ್ತಿರಲಿಲ್ಲ. ಅಪ್ಪನ ಗಂಟಲಿಗೆ ಕಾಯಿಲೆ ಬಂದು ಆಪರೇಷನ್ ಆಗಬೇಕೆಂದಾಗ, ಅವಳು ಅವರನ್ನು ಅಂಗಡಿಗೆ ಕರೆತಂದು, ಮೈಕಿನ ಮುಂದೆ ಕೂರಿಸಿ ಆ ಕೂಗನ್ನು ಹಿಡಿದಿಟ್ಟಳು. ಅಪ್ಪ ಹೋದ ಮೇಲೆ ಆಗಾಗ ಹಾಕಿಕೊಂಡು ಕೇಳುತ್ತಿದ್ದಳು. ಕಳೆದುಹೋಗದಿರಲಿ ಎಂದೇ ಹೊಸ ಡಿಸ್ಕು ತಂದು ನಕಲಿಗೆ ಇಟ್ಟಳು. ಇಡುವಾಗ ಕಪ್ಪು ಪರದೆಯ ಆ ಸಾಲಿನಲ್ಲಿ ಹಳೆಯದರ ಜಾಗದಲ್ಲಿ ಹೊಸದರ ಗುರುತು ಬರೆದಳು.

"ತುಂಬಿದ್ದರ ಮ್ಯಾಲೆ ಖಾಲಿ ಬಂದು ಕೂತ್ಕಂತು" ಎಂದಳು. "ಅದು ಸರಿಯಾಗೇ ಮಾಡ್ತು. ನಾನು ಹೇಳಿದ್ದೇ ತಿರುಗಾಮುರುಗಾ."

ಗೋಡೆಗೊರಗಿದ್ದ ಮಾವ ಕೇಳಿದರು, "ಆ ಕೂಗು ನಿನಗೆ ನೆನಪೈತೇನಮ್ಮಾ?"

"ಐತ್ರಿ."

"ಹಂಗಾರೆ ಕೂಗು."

"ಅಯ್ಯೋ, ಇಲ್ಲೇನ್ರಿ? ಬ್ಯಾಡ್ರಿ ಯಜಮಾನ್ರೆ..."

"ಕೂಗಮ್ಮಾ. ನಾನು ಕಣ್ಣು ಕಾಣದೋನು, ನನ್ನ ಮುಂದೆ ಏನು ನಾಚ್ಕೆ."

ಅಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಒಮ್ಮೆ ನನ್ನ ಕಡೆ ನೋಡಿದಳು. ನಾಲಿಗೆಯ ತುದಿಯಲ್ಲಿ ಟ್ರರ್ ಟ್ರರ್ ಎಂದು ಶುರುಮಾಡಿ, ಆಮೇಲೆ ತಲೆಯೆತ್ತಿ ಉದ್ದಕ್ಕೆ ಕೂಗಿದಳು. ಆ ತೆಳ್ಳಗಿನ ಮೈಯಿಂದ ಅಷ್ಟು ದೊಡ್ಡ ದನಿ ಹೇಗೆ ಬಂತೋ. ನನ್ನ ಗಂಡನ ಕೈ ಮಗ್ಗದ ಮೇಲೆ ನಿಂತಿತು. ಪಕ್ಕದ ಮನೆಯ ಮಗ್ಗವೂ ನಿಂತಿತು. ಕೂಗು ಮುಗಿದ ಮೇಲೆ ಅಕ್ಕ ತಲೆ ತಗ್ಗಿಸಿ, "ಸರಿಯಾಗ್ಲಿಲ್ಲ. ನಮ್ಮಪ್ಪಂದು ಹಿಂಗಿರ್ಲಿಲ್ಲ" ಎಂದಳು.

"ನನ್ನ ನವಿಲೂ ಹಿಂಗಿರ್ಲಿಲ್ಲಮ್ಮಾ" ಎಂದರು ಮಾವ.

ಸಂಜೆ ಹೊರಡುವಾಗ ಮಾವ ಅವಳನ್ನು ನಿಲ್ಲಿಸಿ, ತಮ್ಮ ಡಿಸೈನುಗಳದೆಲ್ಲ ಒಂದು ನಕಲು ಮಾಡಿ ಅವಳ ಹತ್ತಿರವೂ ಇಟ್ಟುಕೊಳ್ಳಲು ಹೇಳಿದರು. ನನಗೆ ನನ್ನ ಕಿವಿಯನ್ನೇ ನಂಬಲಾಗಲಿಲ್ಲ. ಅಕ್ಕ ನನಗೂ ಆ ಸಿ.ಡಿ.ಯ ಇನ್ನೊಂದು ಪ್ರತಿ ಮಾಡಿಕೊಟ್ಟು, ಕೂರಿಸಿ ಕಲಿಸಿದಳು. ಆಮೇಲೆ ನಮ್ಮ ಬೀದಿಯ ಇನ್ನಿಬ್ಬರು ಡಿಸೈನಿನವರ ಡಿಸ್ಕುಗಳನ್ನು ನಾನೇ ನಕಲು ಮಾಡಿಕೊಟ್ಟೆ. ಅವರೂ ಮೊದಲು ಮಾವನ ಹಾಗೇ ಅನುಮಾನಪಟ್ಟರು. ಮಾವನೇ ಹೋಗಿ ಹೇಳಿ ಒಪ್ಪಿಸಿದರು.

ದಿನ ಕಳೆದಂತೆ ಹೋಗಿಬರುವುದು ಕಡಿಮೆಯಾಯಿತು. ಹಬ್ಬಕ್ಕೊಂದು ಫೋನು, ಅಷ್ಟೇ. ಒಂದು ವರ್ಷ ಅದೂ ಇಲ್ಲ... ಮಾವ ತೀರಿಕೊಂಡಾಗ ಮಾಡಿದ ಫೋನು ಹೋಗಲಿಲ್ಲ. ಹದಿಮೂರನೆಯ ದಿನದ ಕಾರ್ಯ ಮುಗಿಸಿ, ಅಕ್ಕನಿಗೆ ಬಾಯಲ್ಲೇ ಹೇಳಿಬರೋಣವೆಂದು ಚಳ್ಳಕೆರೆಗೆ ಹೋದೆ. ಅವಳ ಕೋಣೆಯಲ್ಲಿ ಮೊಬೈಲ್ ಕವರುಗಳು ನೇತಾಡುತ್ತಿದ್ದವು. ಕೆಳಗೆ ಟೈಲರು ಮಷೀನು ನಿಲ್ಲಿಸಿ ನನ್ನ ಮುಖ ನೋಡಿದರು. "ನಿಮಗೆ ಯಾರೂ ಹೇಳ್ಲಿಲ್ವೇನಮ್ಮಾ?" ಎಂದರು. ಕಿಡ್ನಿ ಕೈಕೊಟ್ಟಿತ್ತಂತೆ. ಅಂಗಡಿ ಮುಚ್ಚಿ ಅಣ್ಣನ ಮನೆ ಸೇರಿ ಬಹಳ ದಿನ ನರಳಿದಳಂತೆ. ತೀರಿಹೋಗಿ ಆಗಲೇ ಎರಡು ಬೇಸಿಗೆ ಕಳೆದಿತ್ತು. ಹೇಳುವವರಾದರೂ ಯಾರು? ಅವಳ ಮನೆಯವರಿಗೆ ನಾವು ಅಂಗಡಿಗೆ ಬಂದುಹೋಗುವ ನೂರು ಜನರಲ್ಲಿ ಒಬ್ಬರು. ಒಂದು ಸಾವಿನ ಸುದ್ದಿ ಹೊತ್ತು ಹೋದವಳು ಎರಡು ಹೊತ್ತುಕೊಂಡು ಬಸ್ಸು ಹತ್ತಿದೆ.

ಹೋದ ವರ್ಷ ನಮ್ಮ ಬಾಗಿಲಿಗೆ ಒಬ್ಬ ಹುಡುಗಿ ಬಂದಳು. ಅಕ್ಕನ ಅಣ್ಣನ ಮಗಳು. ಟೈಲರಿಂದ ನಮ್ಮ ಮನೆ ವಿಚಾರಿಸಿಕೊಂಡು ಬಂದಿದ್ದಳು. "ನಿಮ್ಮ ಹತ್ರ ನಮ್ಮತ್ತೆದು ಒಂದಾದ್ರೂ ಫೋಟೋ ಐತೇನ್ರಿ? ಮನ್ಯಾಗೆ ಕಾಯಿಲೆ ಬಿದ್ಮ್ಯಾಲಿಂದು ಒಂದೇ ಐತೆ. ಅದನ್ನ ಗೋಡೆಗೆ ಹಾಕಾಕೆ ಅಪ್ಪಂಗೆ ಮನಸಿಲ್ಲ" ಎಂದಳು.

ನನ್ನಲ್ಲಿದ್ದ ಡಿಸ್ಕುಗಳನ್ನೆಲ್ಲ ತೆಗೆದು ಅವಳ ಮುಂದೆಯೇ ಹುಡುಕಿದೆ. ಸೀರೆಗಳಿದ್ದವು, ಮಗ್ಗಗಳಿದ್ದವು, ಮಕ್ಕಳ ಹುಟ್ಟುಹಬ್ಬಗಳಿದ್ದವು. ಅಕ್ಕ ಎಲ್ಲಿಯೂ ಇರಲಿಲ್ಲ. ಅಂಥ ಒಂದು ಯೋಚನೆ ಆಗ ನಮಗೆ ಬರಲೇ ಇಲ್ಲ. ಮಾತಾಡಿಕೊಂಡು ಎದುರಿಗೇ ಇದ್ದಳಲ್ಲ.

ಹುಡುಗಿಯನ್ನು ಬರಿಗೈಯಲ್ಲಿ ಕಳಿಸಲು ಮನಸ್ಸಾಗದೆ ಊಟಕ್ಕೆ ನಿಲ್ಲಿಸಿಕೊಂಡು, ಗೊತ್ತಿದ್ದಷ್ಟನ್ನು ಹೇಳಿದೆ. ತುರುಬಿನ ಸ್ಕ್ರೂಡ್ರೈವರು, ಗೋಣಿಚೀಲ, ಅವಳು ಮುರಿದುಕೊಟ್ಟ ರೊಟ್ಟಿ. ಹುಡುಗಿ ಕೈತೊಳೆಯದೆ ಕೇಳುತ್ತ ಕೂತಿದ್ದಳು. ಕೊನೆಗೆ ಕೇಳಿದಳು, "ನಮ್ಮತ್ತೆ ನಗ್ತಿದ್ರೇನ್ರಿ? ನಾನು ನೋಡಿದ್ದೆಲ್ಲಾ ಬರೀ ಮಲಗಿದ್ದೇ."

"ನಗ್ತಿದ್ಲು ಕಣವ್ವಾ. ಚೆನ್ನಾಗಿ ನಗ್ತಿದ್ಲು" ಎಂದೆ.

ಹೇಗೆ ನಗುತ್ತಿದ್ದಳೆಂದು ತೋರಿಸಲು ಹೋದೆ. ನನ್ನ ಮುಖಕ್ಕೆ ಅದು ಬರಲಿಲ್ಲ. ಹುಡುಗಿ ಸಂಜೆಯ ಬಸ್ಸಿಗೆ ಹೋದಳು.